ಮರೆ ಬೇರೆ, ಮೋಸ ಬೇರೆ

ಇಪ್ಪತ್ತು ವರ್ಷಗಳಿಂದ ನನ್ನ ಎಡಗಾಲಿನಲ್ಲಿ ನೋವಿದೆ. ಅದಕ್ಕಾಗಿ ನಾನು ತೆಗೆದುಕೊಳ್ಳುತ್ತ ಬಂದ ಔಷಧಿಯೊಂದರ ಹೆಸರನ್ನು ಬಹುಕಾಲ ಬಂಧುಗಳಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಆ ಮೌನ ಎಲ್ಲಿಯವರೆಗೆ ನ್ಯಾಯವಾಗಿತ್ತು, ಎಲ್ಲಿಂದ ಮುಂದೆ ಅನ್ಯಾಯವಾಯಿತು ಎಂಬುದನ್ನು ಪ್ರಾಮಾಣಿಕವಾಗಿ ವಿಚಾರಮಾಡಿ ಓದುಗ ಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ. ಇದು ಯಾವುದೇ ಔಷಧಿಯ ಪರವಾದ ವಾದವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ೧೯೯೧ರಲ್ಲಿ ಉದ್ಯೋಗನಿಮಿತ್ತ ಅಮೆರಿಕೆಯ ಕ್ಯಾಲಿಫೋರ್ನಿಯ ರಾಜ್ಯಕ್ಕೆ ಹೋದವನು. ಸಂಸಾರ ಅಲ್ಲಿಯೇ ಬೆಳೆಯಿತು. ೨೦೦೩ರಲ್ಲಿ ಆ ದೇಶದ ಪೌರತ್ವವೂ ದೊರೆಯಿತು. ೨೦೦೫ರಲ್ಲಿ ಬೆನ್ನುಮೂಳೆಯ ಕೆಳಭಾಗದ ಡಿಸ್ಕ್ ಜಾರಿ ನರವನ್ನು ಒತ್ತಿದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಗಾಯ ಮಾಯಿತು, ನೋವು ಮಾಯಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿಯೊಂದನ್ನು ಎಳೆದಂತೆ ಅದು ಹರಿಯುತ್ತಿತ್ತು. ಹಗಲಿನಲ್ಲಿ ಕೆಲಸದ ಗದ್ದಲದ ನಡುವೆ ಹೇಗೋ ಸಹಿಸಬಹುದಾಗಿತ್ತು. ರಾತ್ರಿ ಬೆನ್ನು ಹಾಸಿಗೆಗೆ ತಾಗಿದೊಡನೆ ನೋವಿನದೇ ರಾಜ್ಯಭಾರ. ವೈದ್ಯರು ಗ್ಯಾಬಾಪೆಂಟಿನ್ ಕೊಟ್ಟರು, ತಲೆ ಮಂಕಾಯಿತು. ಅಫೀಮಿನ ವರ್ಗಕ್ಕೆ ಸೇರಿದ ಹೈಡ್ರೋಕೋಡೋನ್ ಮಾತ್ರೆ ಕೊಟ್ಟರು. ನೋವು ತಗ್ಗಿತು, ಆದರೆ ಅದರ ಬೆನ್ನಿಗೇ ಮಲಬದ್ಧತೆ, ಮೈಯ ಜಡತೆ, ಮುಂದಿನ ಮಾತ್ರೆಗಾಗಿ ಮತ್ತೆಮತ್ತೆ ಗಡಿಯಾರ ನೋಡುವ ಚಟ ಇವೆಲ್ಲ ಬಂದವು. ಅಫೀಮಿನ ಬಳಗದ ಆ ಮಾತ್ರೆಗಳನ್ನು ನುಂಗುತ್ತಿದ್ದೇನೆಂದು ಬಂಧುಗಳಿಗೆ ಹೇಳಲು ನನಗೆ ಎಂದೂ ಸಂಕೋಚವಾಗಲಿಲ್ಲ. ಔಷಧಿಯಂಗಡಿಯ ಚೀಟಿ ಅಂಟಿಸಿದ ಡಬ್ಬಿಗೆ ಅಂಥದೊಂದು ಮರ್ಯಾದೆಯಿದೆ.

೨೦೦೯ರಲ್ಲಿ ನೋವಿನ ಚಿಕಿತ್ಸೆಯಲ್ಲಿ ಪರಿಣತರಾದ ವೈದ್ಯರೊಬ್ಬರು, ರಾತ್ರಿಯ ಹೊತ್ತು ಗಾಂಜಾ ಗಿಡದ ಸಾರದ ಕೆಲವು ಹನಿಗಳನ್ನು ನಾಲಿಗೆಯ ಕೆಳಗೆ ಹಾಕಿಕೊಂಡು ನೋಡಬಹುದೆಂದು ಸೂಚಿಸಿದರು. ಆ ರಾಜ್ಯದ ಮತದಾರರು ೧೯೯೬ರ ನವೆಂಬರಿನಲ್ಲಿ ೨೧೫ನೆಯ ಪ್ರಸ್ತಾವವನ್ನು ಅಂಗೀಕರಿಸಿ, ರೋಗಿಗಳು ವೈದ್ಯರ ಸಲಹೆಯ ಮೇರೆಗೆ ಗಾಂಜಾ ಇಟ್ಟುಕೊಳ್ಳಲು, ಬೆಳೆಯಲು ಅವಕಾಶ ಕೊಟ್ಟಿದ್ದರು. ಆದರೆ ೧೯೭೦ರ ಕೇಂದ್ರ ಕಾಯಿದೆ ಅದೇ ಗಿಡವನ್ನು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೆ ಸೇರಿಸಿತ್ತು. ಆದ್ದರಿಂದ ವೈದ್ಯರು ಅದಕ್ಕೆ ಔಷಧಿಚೀಟಿ ಬರೆಯುವಂತಿರಲಿಲ್ಲ. ‘ಇದರಿಂದ ಇವರಿಗೆ ಉಪಯೋಗವಾದೀತು’ ಎಂದು ಶಿಫಾರಸು ಮಾತ್ರ ಮಾಡಬಹುದಾಗಿತ್ತು. ಅಷ್ಟನ್ನು ಹೇಳುವ ಹಕ್ಕು ಕೂಡ ೨೦೦೨ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅದನ್ನು ವಾಕ್‌ಸ್ವಾತಂತ್ರ್ಯವೆಂದು ಎತ್ತಿಹಿಡಿದ ಮೇಲೆಯೇ ಭದ್ರವಾಯಿತು. ರಾಜ್ಯದ ಕಣ್ಣಿಗೆ ರೋಗಿ, ಕೇಂದ್ರದ ಕಣ್ಣಿಗೆ ಅಪರಾಧಿ: ಈ ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ನಾನು ಕಾಲಿಟ್ಟೆ.

ನನಗೆ ಕಾನೂನಿಗಿಂತ ಮೊದಲು ಅಡ್ಡವಾದದ್ದು ಒಂದು ಶಬ್ದ. ‘ಗಾಂಜಾ’ ಎಂಬ ಮಾತನ್ನು ಕನ್ನಡದಲ್ಲಿ ಗೌರವದಿಂದ ನುಡಿಯುವ ಬಗೆಯೇ ಇಲ್ಲ. ‘ಗಾಂಜಾ ಗಿರಾಕಿ’ ಎಂಬುದು ನಮ್ಮೂರುಗಳಲ್ಲಿ ಬೈಗುಳ. ಆಯುರ್ವೇದದವರು ಅದೇ ಗಿಡವನ್ನು ‘ವಿಜಯಾ’ ಎಂದು ಕರೆಯುತ್ತಾರೆ. ಆ ಹೆಸರಿನಿಂದ ನನ್ನ ಸಂಕೋಚವೇನೂ ಕಡಿಮೆಯಾಗಲಿಲ್ಲ. ವ್ಯಸನಗಳಿಂದ ದೂರವಿರಬೇಕೆಂದು ಬಾಲ್ಯದಿಂದ ಕೇಳಿ ಬೆಳೆದ ನಾನು ಇಳಿವಯಸ್ಸಿನಲ್ಲಿ ಇದನ್ನು ಮುಟ್ಟಬಹುದೇ ಎಂದು ಮೂರು ತಿಂಗಳು ಯೋಚಿಸಿದೆ. ಕೊನೆಗೆ ನನ್ನ ಹೆಂಡತಿ, “ನೀವು ಮತ್ತಿಗಾಗಿ ಕೇಳುತ್ತಿದ್ದೀರಾ, ನಿದ್ರೆಗಾಗಿ ಕೇಳುತ್ತಿದ್ದೀರಾ? ಅದನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ” ಎಂದಳು. ನಿದ್ರೆಗಾಗಿ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

ಫಲವೇನಾಯಿತೆಂಬುದನ್ನೂ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ನೋವು ಹೋಗಲಿಲ್ಲ, ಪಕ್ಕದ ಕೋಣೆಗೆ ಸರಿದು ಕುಳಿತಂತಾಯಿತು. ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿದ್ದವನು ಒಂದೇ ಸಮನೆ ನಾಲ್ಕೈದು ಗಂಟೆ ಮಲಗಿದೆ. ಒಂದು ವರ್ಷದೊಳಗೆ ವೈದ್ಯರ ನಿಗಾದಲ್ಲಿ ಅಫೀಮಿನ ಮಾತ್ರೆಗಳನ್ನು ಬಿಟ್ಟೆ. ಬಾಯಿ ಒಣಗುವುದು, ಒಮ್ಮೊಮ್ಮೆ ತಲೆ ತಿರುಗುವುದು, ಮರುದಿನ ಬೆಳಿಗ್ಗೆ ಮಾತಿಗೆ ತಡವರಿಸುವುದು ಇವೂ ಇದ್ದವು; ಹನಿ ಹಾಕಿಕೊಂಡ ರಾತ್ರಿ ಕಾರು ಮುಟ್ಟುತ್ತಿರಲಿಲ್ಲ. ವಿದ್ವಾಂಸರಲ್ಲಿಯೂ ಒಮ್ಮತವಿಲ್ಲ. ವಯಸ್ಕರ ದೀರ್ಘಕಾಲದ ನೋವಿಗೆ ಇದು ಉಪಕಾರಿಯೆಂಬುದಕ್ಕೆ ಗಣನೀಯ ಆಧಾರವಿದೆಯೆಂದು ಅಮೆರಿಕೆಯ ರಾಷ್ಟ್ರೀಯ ಅಕಾಡೆಮಿಗಳ ವರದಿ ೨೦೧೭ರಲ್ಲಿ ಹೇಳಿತು. ಆದರೆ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ೨೦೨೧ರಲ್ಲಿ, ಉತ್ತಮ ಗುಣಮಟ್ಟದ ಪುರಾವೆ ಸಾಲದಾದ್ದರಿಂದ ನೋವಿಗಾಗಿ ಅದರ ಸಾಮಾನ್ಯ ಬಳಕೆಯನ್ನು ಅನುಮೋದಿಸಲಾರೆವೆಂದಿತು. ಒಬ್ಬನಿಗೆ ಒದಗಿದ್ದು ಎಲ್ಲರಿಗೂ ಒದಗೀತೆಂದು ನಾನು ಹೇಳಲಾರೆ.

ಆ ವೈದ್ಯರೇ ನನ್ನನ್ನು ರೋಗಿಗಳ ಒಂದು ಸಣ್ಣ ಕೂಟಕ್ಕೆ ಕಳುಹಿಸಿದರು. ತಿಂಗಳಿಗೆ ಎರಡು ಶನಿವಾರ, ಒಂದು ಸಭಾಭವನದ ಹಿಂದಿನ ಕೋಣೆಯಲ್ಲಿ, ಹತ್ತು ಹನ್ನೆರಡು ಕುರ್ಚಿಗಳನ್ನು ದುಂಡಾಗಿ ಹಾಕಿಕೊಂಡು ಕೂಡುತ್ತಿದ್ದೆವು. ಅಲ್ಲಿ ಎರಡೇ ನಿಯಮಗಳು: ಯಾರೂ ಯಾರ ಪೂರ್ಣ ಹೆಸರನ್ನಾಗಲಿ ಉದ್ಯೋಗವನ್ನಾಗಲಿ ಕೇಳಕೂಡದು, ಅಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಕೂಡದು. ಬಾಗಿಲಲ್ಲಿ ತಮಗೆ ಬೇಕಾದ ಹೆಸರೊಂದನ್ನು ಚೀಟಿಯಲ್ಲಿ ಬರೆದು ಅಂಗಿಗೆ ಅಂಟಿಸಿಕೊಳ್ಳಬಹುದಾಗಿತ್ತು. ನಾನು ‘ರಾಜ್’ ಎಂದು ಬರೆದುಕೊಂಡೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ವೃದ್ಧೆ ಒಂದು ಹೂವಿನ ಹೆಸರು ಬರೆದುಕೊಂಡಿದ್ದರು. ಅವರ ನಿಜವಾದ ಹೆಸರು ನನಗೆ ಇಂದಿಗೂ ತಿಳಿಯದು. ಆದರೆ ಅವರು ಎಷ್ಟು ಹನಿ ತೆಗೆದುಕೊಳ್ಳುತ್ತಿದ್ದರು, ಯಾವ ರಾತ್ರಿ ಅದು ಹೆಚ್ಚಾಗಿ ಗೋಡೆ ಹಿಡಿದು ನಿಂತಿದ್ದರು, ಸಾಯಬೇಕೆನಿಸಿದ ದಿನ ಯಾರಿಗೆ ಫೋನು ಮಾಡಿದ್ದರು ಎಂಬುದೆಲ್ಲ ತಿಳಿದಿತ್ತು. ಅಷ್ಟು ನೇರವಾದ ಮಾತನ್ನು ಒಡಹುಟ್ಟಿದವರಿಂದಲೂ ನಾನು ಕೇಳಿರಲಿಲ್ಲ. ಒಡಹುಟ್ಟಿದವರಿಗೆ ಹೇಳಿಯೂ ಇರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಒಂದು ದಿನ ಹೊಳೆಯಿತು: ನಾನು ಅಲ್ಲಿ ಸುಳ್ಳು ಹೆಸರಿನಿಂದ ನಿಜ ಹೇಳುತ್ತಿದ್ದೇನೆ, ಹೊರಗೆ ನಿಜವಾದ ಹೆಸರಿನಿಂದ ಸುಳ್ಳು ಹೇಳುತ್ತಿದ್ದೇನೆ.

ಸರಕಾರವೇ ಕೊಟ್ಟ ಗುರುತಿನ ಚೀಟಿಯಲ್ಲಿಯೂ ಇಂಥದೇ ವಿಚಿತ್ರವಿತ್ತು. ಕ್ಯಾಲಿಫೋರ್ನಿಯದ ಶಾಸನಸಭೆ ೨೦೦೩ರಲ್ಲಿ ಮಾಡಿದ ಕಾಯಿದೆಯಂತೆ ರೋಗಿಗಳು, ಇಷ್ಟವಿದ್ದರೆ ಮಾತ್ರ, ಜಿಲ್ಲಾ ಆರೋಗ್ಯ ಇಲಾಖೆಯಿಂದ ಕಾರ್ಡೊಂದನ್ನು ಪಡೆಯಬಹುದು. ಅದರಲ್ಲಿ ಭಾವಚಿತ್ರ, ಒಂದು ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಹೆಸರನ್ನು ಮುದ್ರಿಸಬೇಕೆಂದು ಕಾಯಿದೆ ಹೇಳಿಲ್ಲ. ಪೋಲೀಸರು ಆ ಸಂಖ್ಯೆಯಿಂದ ಕಾರ್ಡು ಸಾಚಾ ಹೌದೋ ಅಲ್ಲವೋ ಎಂದು ತಿಳಿಯಬಹುದು. ನಿಜವನ್ನು ಸ್ಥಾಪಿಸಲು ಹೆಸರು ಯಾವಾಗಲೂ ಬೇಕಾಗುವುದಿಲ್ಲವೆಂಬುದನ್ನು ಆ ಶಾಸಕರು ಕಂಡುಕೊಂಡಿದ್ದರು.

ಇಷ್ಟೆಲ್ಲ ಮರೆ ಏಕೆ ಬೇಕಾಗಿತ್ತು ಎಂದು ಓದುಗರು ಕೇಳಬಹುದು. ಕಾರಣಗಳು ಕಾಲ್ಪನಿಕವಾಗಿರಲಿಲ್ಲ. ೨೦೦೨ರ ಆಗಸ್ಟಿನಲ್ಲಿ, ಬೆನ್ನುಮೂಳೆಯ ಸವೆತದಿಂದ ನರಳುತ್ತಿದ್ದ ಡಯಾನ್ ಮಾನ್ಸನ್ ಎಂಬ ಮಹಿಳೆಯ ಮನೆಗೆ ಅಧಿಕಾರಿಗಳು ಬಂದರು. ಆಕೆಯ ಬಳಿ ಇದ್ದದ್ದು ಆರು ಗಿಡಗಳು. ರಾಜ್ಯದ ಕಾನೂನಿನಂತೆ ಇದರಲ್ಲಿ ತಪ್ಪಿಲ್ಲವೆಂದು ಜಿಲ್ಲೆಯ ಅಧಿಕಾರಿಗಳೇ ಹೇಳಿದರು. ಮೂರು ಗಂಟೆಗಳ ಜಗ್ಗಾಟದ ನಂತರ ಕೇಂದ್ರದ ಅಧಿಕಾರಿಗಳು ಆರನ್ನೂ ವಶಪಡಿಸಿಕೊಂಡು ನಾಶಮಾಡಿದರು. ಆಕೆಯೂ ಓಕ್ಲೆಂಡಿನ ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿಯೂ ತಮ್ಮ ಹೆಸರಿನಲ್ಲಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೦೫ರ ಜೂನ್ ೬ರಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಆರಕ್ಕೆ ಮೂರು ಮತಗಳಿಂದ ಕೇಂದ್ರದ ಪರವಾಗಿಯೇ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ವಾದಿಗಳು ನಾಲ್ವರು. ಉಳಿದ ಇಬ್ಬರು ರೈಚ್ ಅವರಿಗಾಗಿ ಗಿಡ ಬೆಳೆದು ಕೊಡುತ್ತಿದ್ದವರು. ಅವರು ‘ಜಾನ್ ಡೋ’ ಒಂದು ಮತ್ತು ಎರಡು ಎಂಬ ಮರೆಹೆಸರಿನಿಂದಲೇ ವಾದ ಹೂಡಿದ್ದರು. ಮುಖ ತೋರಿಸಿದವರು ಇಬ್ಬರು, ಮರೆಯಲ್ಲಿ ನಿಂತವರು ಇಬ್ಬರು. ನಾಲ್ವರ ಬೇಡಿಕೆಯೂ ಒಂದೇ. ಮರೆಯಲ್ಲಿದ್ದವರನ್ನು ಸುಳ್ಳರೆಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ನನ್ನ ಮಟ್ಟಿಗೆ ಹತ್ತಿರದ ಭಯ ಉದ್ಯೋಗದ್ದು. ವಾಯುಸೇನೆಯಲ್ಲಿದ್ದಾಗ ಬೆನ್ನಿಗೆ ಪೆಟ್ಟು ಬಿದ್ದ ಗ್ಯಾರಿ ರಾಸ್ ಎಂಬವರು ಹೊಸ ಕೆಲಸಕ್ಕೆ ಸೇರುವಾಗ ವೈದ್ಯರ ಶಿಫಾರಸನ್ನು ತಾವಾಗಿಯೇ ತೋರಿಸಿದ್ದರು. ಮೂತ್ರಪರೀಕ್ಷೆಯ ಫಲಿತಾಂಶ ಬಂದೊಡನೆ ಕೆಲಸ ಹೋಯಿತು. ವೈದ್ಯರ ಶಿಫಾರಸಿದ್ದರೂ ಮಾಲಿಕರು ಹೀಗೆ ತೆಗೆದುಹಾಕಬಹುದೆಂದು ೨೦೦೮ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಬಿಡುವಿನ ವೇಳೆಯ ಬಳಕೆಗಾಗಿ ನೌಕರರನ್ನು ಶಿಕ್ಷಿಸಕೂಡದೆಂಬ ಕಾಯಿದೆ, ಅದೂ ಕೆಲವು ವಿನಾಯಿತಿಗಳೊಡನೆ, ಜಾರಿಗೆ ಬಂದದ್ದು ೨೦೨೪ರ ಜನವರಿ ೧ರಿಂದ. ನನಗೆ ಆಗ ಕಾಲೇಜಿನಲ್ಲಿ ಓದುವ ಇಬ್ಬರು ಮಕ್ಕಳಿದ್ದರು. ನಿಜ ಹೇಳಿದ ರಾಸ್ ಅವರ ಗತಿಯನ್ನು ಕಂಡು ನಾನು ಬಾಯಿ ಮುಚ್ಚಿಕೊಂಡೆ.

ಒಬ್ಬರ ಗುಟ್ಟನ್ನು ಇನ್ನೊಬ್ಬರು ಅಜಾಗರೂಕತೆಯಿಂದ ಬಯಲುಮಾಡಿದರೆ ಏನಾಗುತ್ತದೆಂಬುದಕ್ಕೆ ಕೆನಡಾದಲ್ಲಿ ಒಂದು ಉದಾಹರಣೆ ನಡೆಯಿತು. ೨೦೧೩ರ ನವೆಂಬರಿನಲ್ಲಿ ಅಲ್ಲಿಯ ಆರೋಗ್ಯ ಇಲಾಖೆ, ವೈದ್ಯಕೀಯ ಗಾಂಜಾ ಯೋಜನೆಯಲ್ಲಿದ್ದ ೪೦,೦೦೦ಕ್ಕೂ ಹೆಚ್ಚು ಜನರಿಗೆ ಪತ್ರ ಕಳುಹಿಸಿತು. ಲಕೋಟೆಯ ಮೇಲೆ ವಿಳಾಸದಾರರ ಹೆಸರಿನ ಜೊತೆಗೆ ಆ ಯೋಜನೆಯ ಹೆಸರೂ ಅಚ್ಚಾಗಿತ್ತು. ಅಂಚೆಯವನಿಗೆ, ಮನೆಯಲ್ಲಿ ಜೊತೆಗಿದ್ದವರಿಗೆ, ನೆರೆಯವರಿಗೆ, ಲಕೋಟೆ ಕಂಡ ಯಾರಿಗಾದರೂ ವಿಷಯ ತಿಳಿಯುವಂತಾಯಿತು. ಕೆಲಸ ಹೋದೀತು, ಗಿಡಗಳಿಗಾಗಿ ಕಳ್ಳರು ಬಂದಾರು ಎಂದು ರೋಗಿಗಳು ಹೆದರಿದರು. ಇದು ಖಾಸಗಿತನದ ಕಾಯಿದೆಯ ಉಲ್ಲಂಘನೆಯೆಂದು ಆ ದೇಶದ ಖಾಸಗಿತನದ ಆಯುಕ್ತರು ೨೦೧೫ರಲ್ಲಿ ಹೇಳಿದರು. ಆ ಪತ್ರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದು ಸಾವಿರಾರು ಜನರಿಗೆ ಹಿಂಸೆಯಾಯಿತು.

ಇಲ್ಲಿಯವರೆಗೆ ನನ್ನ ಮೌನಕ್ಕೆ ಸಮರ್ಥನೆಯಿದೆಯೆಂದು ಭಾವಿಸುತ್ತೇನೆ. ಇನ್ನು ಮುಂದಿನದು ನನ್ನ ತಪ್ಪು.

೨೦೧೬ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷದ ನವೆಂಬರಿನಲ್ಲಿ ಆ ರಾಜ್ಯದ ಮತದಾರರು ೨೧ ವರ್ಷ ತುಂಬಿದವರೆಲ್ಲರಿಗೂ ಗಾಂಜಾ ಬಳಕೆಗೆ ಅನುಮತಿ ನೀಡಿದರು. ೨೦೧೮ರ ಜನವರಿಯಿಂದ ಅಂಗಡಿಗಳಲ್ಲಿಯೇ ಮಾರಾಟ ಆರಂಭವಾಯಿತು. ಕೆಲಸ ಹೋಗುವ ಭಯವಿಲ್ಲ, ಪೌರತ್ವ ಕೈಯಲ್ಲಿದೆ, ಮಕ್ಕಳು ತಮ್ಮ ಕಾಲ ಮೇಲೆ ನಿಂತಿದ್ದಾರೆ. ಮಳೆ ನಿಂತಿತ್ತು; ನಾನು ಮಾತ್ರ ಕೊಡೆ ಮಡಿಸಿರಲಿಲ್ಲ. ಅಪಾಯ ಕಾಲದಲ್ಲಿ ಹಿಡಿದ ಮರೆ ಅಷ್ಟರಲ್ಲಿ ನನ್ನ ಪ್ರತಿಷ್ಠೆಯ ಆಸರೆಯಾಗಿ ಪರಿಣಮಿಸಿತ್ತು.

ಆ ೨೦೧೮ರಲ್ಲಿಯೇ ನಮ್ಮ ಬಂಧುವೊಬ್ಬ ನಮ್ಮ ಮನೆಗೆ ಬಂದ. ಅವನನ್ನು ಇಲ್ಲಿ ಸೋದರಳಿಯನೆಂದು ಕರೆಯುತ್ತೇನೆ. ವಯಸ್ಸು ನಲವತ್ತು ತುಂಬಿರಲಿಲ್ಲ. ಕಾರು ಅಪಘಾತದಿಂದ ಅವನಿಗೂ ಬೆನ್ನಿನಲ್ಲಿ ನೋವು, ಅವನಿಗೂ ಅಫೀಮಿನ ಮಾತ್ರೆ, ಅವನಿಗೂ ನಿದ್ರೆಯಿಲ್ಲದ ರಾತ್ರಿಗಳು. ಊಟವಾದ ಮೇಲೆ ಹಿತ್ತಿಲಲ್ಲಿ ಕುಳಿತು, “ಮಾವ, ನೀವು ಆ ಮಾತ್ರೆಗಳನ್ನು ಹೇಗೆ ಬಿಟ್ಟಿರಿ? ನನ್ನಿಂದ ಆಗುತ್ತಿಲ್ಲ” ಎಂದು ಕೇಳಿದ. ಅವನ ಧ್ವನಿಯಲ್ಲಿದ್ದ ದೈನ್ಯ ನನಗೆ ಇಂದಿಗೂ ಕೇಳಿಸುತ್ತದೆ. ನಾನು ತಡವರಿಸದೆ, “ಬೆಳಿಗ್ಗೆ ಯೋಗಾಸನ, ರಾತ್ರಿ ಬಿಸಿನೀರಿನ ಶಾಖ, ಮಿತಾಹಾರ. ಎಲ್ಲಕ್ಕಿಂತ ಮುಖ್ಯವಾಗಿ ಮನಸ್ಸು ಗಟ್ಟಿಯಿರಬೇಕಪ್ಪಾ” ಎಂದೆ. ಇವೆಲ್ಲವನ್ನೂ ನಾನು ಮಾಡುತ್ತಿದ್ದುದು ನಿಜ. ಆದರೆ ಮಾತ್ರೆ ಬಿಡಿಸಿದ್ದು ಇವುಗಳೊಂದೇ ಅಲ್ಲ. ಅವನು ತಲೆಯಾಡಿಸಿ, ಯೋಗದ ಪುಸ್ತಕವೊಂದನ್ನು ನನ್ನಿಂದಲೇ ಕೇಳಿ ಪಡೆದು ಹೋದ.

ನಾಲ್ಕು ವರ್ಷಗಳು ಕಳೆದವು. ೨೦೨೨ರ ಸೆಪ್ಟೆಂಬರಿನಲ್ಲಿ ಕ್ಷಮಾವಣಿಯ ದಿನ ವಾಡಿಕೆಯಂತೆ ಒಬ್ಬೊಬ್ಬರಿಗೂ ಫೋನು ಮಾಡಿ ಕ್ಷಮೆ ಕೇಳುತ್ತಿದ್ದೆ. ಅವನ ಸರದಿ ಬಂದಾಗ ಬಾಯಿಪಾಠದ ಮಾತು ಗಂಟಲಲ್ಲಿ ನಿಂತಿತು. “ನಿನ್ನೊಡನೆ ಮುಖಾಮುಖಿ ಮಾತಾಡಬೇಕು” ಎಂದು ಹೇಳಿ, ಮುಂದಿನ ಭಾನುವಾರ ಎರಡು ಗಂಟೆ ಪ್ರಯಾಣ ಮಾಡಿ ಅವನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ.

ಅವನು ಸಿಟ್ಟಾಗುತ್ತಾನೆಂದು ಎಣಿಸಿದ್ದೆ. ಸಿಟ್ಟಾಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಮಾವ, ನೀವು ಹೇಳಿದ್ದನ್ನೆಲ್ಲ ನಾಲ್ಕು ವರ್ಷ ಮಾಡಿದೆ. ನಿಮಗೆ ಸಾಧ್ಯವಾದದ್ದು ನನಗೆ ಸಾಧ್ಯವಾಗಲಿಲ್ಲವಲ್ಲ, ನನ್ನ ಮನಸ್ಸೇ ದುರ್ಬಲ ಎಂದುಕೊಂಡಿದ್ದೆ. ಮಕ್ಕಳ ಮುಂದೆ ತಲೆಯೆತ್ತಲೂ ನಾಚಿಕೆಯಾಗುತ್ತಿತ್ತು” ಎಂದ. ನನ್ನ ಸುಳ್ಳು ಅವನಿಂದ ಒಂದು ಔಷಧಿಯನ್ನು ಮರೆಮಾಡಿತೆಂದಷ್ಟೇ ನಾನು ತಿಳಿದಿದ್ದೆ. ಅದು ಅವನ ಆತ್ಮವಿಶ್ವಾಸವನ್ನೇ ಕದ್ದಿತ್ತು. ನನ್ನ ಮರ್ಯಾದೆಯ ಬೆಲೆಯನ್ನು ನಾಲ್ಕು ವರ್ಷ ಅವನು ತೆತ್ತಿದ್ದ.

ಅಂದು ಹೇಳಬೇಕಾದ ನಿಜ ಇನ್ನೂ ಉಳಿದಿತ್ತು. ಅವನು ಹಸಿರು ಕಾರ್ಡಿನ ಮೇಲೆ ಇದ್ದವನು, ಪೌರನಲ್ಲ. ರಾಜ್ಯದ ಕಾನೂನು ಒಪ್ಪಿದರೂ, ಗಾಂಜಾ ಕುರಿತ ಕೇಂದ್ರ ಕಾನೂನಿನ ಉಲ್ಲಂಘನೆಯು ಪೌರತ್ವದ ಅರ್ಜಿದಾರನ ಸಚ್ಚಾರಿತ್ರ್ಯಕ್ಕೆ ಬಾಧಕವಾಗಬಹುದೆಂದು ವಲಸೆ ಇಲಾಖೆ ೨೦೧೯ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತ್ತು. “ನಾನು ತೆಗೆದುಕೊಂಡೆನೆಂದು ನೀನು ತೆಗೆದುಕೊಳ್ಳಬೇಡ. ಮೊದಲು ವಕೀಲರನ್ನು ಕೇಳು, ಆಮೇಲೆ ವೈದ್ಯರನ್ನು ಕೇಳು” ಎಂದೆ. ಅವನು ಇಬ್ಬರನ್ನೂ ಕೇಳಿ, ಅದನ್ನು ಮುಟ್ಟದಿರಲು ನಿರ್ಧರಿಸಿದ. ಬೇರೆ ಚಿಕಿತ್ಸೆಗಳಿಂದ ಮಾತ್ರೆಗಳನ್ನು ಅರ್ಧಕ್ಕೆ ಇಳಿಸಿದ್ದಾನೆ. ಅಂತೂ ನನ್ನ ನಿಜದಿಂದ ಅವನಿಗೆ ಔಷಧಿ ದೊರೆಯಲಿಲ್ಲ. ತಾನು ದುರ್ಬಲನಲ್ಲವೆಂಬ ತಿಳಿವಳಿಕೆ ದೊರೆಯಿತು. ಅದು ಔಷಧಿಗಿಂತ ಕಡಿಮೆಯದಲ್ಲವೆಂದು ಅವನೇ ಹೇಳುತ್ತಾನೆ.

ಗೃಹಸ್ಥನ ಸತ್ಯವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಇದೆ, ರಹೋಭ್ಯಾಖ್ಯಾನವೂ ಇದೆ. ತಪ್ಪು ಮಾರ್ಗ ತೋರಿಸುವುದು ಎಷ್ಟು ದೋಷವೋ ಇನ್ನೊಬ್ಬರ ಗುಟ್ಟನ್ನು ಬಯಲುಮಾಡುವುದೂ ಅಷ್ಟೇ ದೋಷವೆಂದು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಉರುಹೊಡೆದಿದ್ದ ಆ ಶಬ್ದಗಳ ಅರ್ಥ ನನಗೆ ಎಪ್ಪತ್ತರ ಅಂಚಿನಲ್ಲಿ ತಿಳಿಯಿತು. ಕೂಟದಲ್ಲಿ ‘ರಾಜ್’ ಎಂಬ ಚೀಟಿ ಅಂಟಿಸಿಕೊಂಡಾಗ ಅಲ್ಲಿದ್ದ ಯಾರೂ ಮೋಸಹೋಗಲಿಲ್ಲ. ಅದು ಮರೆಹೆಸರೆಂದು ಎಲ್ಲರಿಗೂ ಗೊತ್ತಿತ್ತು. ಹಿತ್ತಿಲಿನಲ್ಲಿ ಮಾವನಾಗಿ ಮಾತಾಡಿದಾಗ ನನ್ನನ್ನು ನಂಬಿದವನೊಬ್ಬ ಮೋಸಹೋದ. ನಮ್ಮ ಮೌನದಿಂದ ನಮ್ಮನ್ನು ನಾವು ಕಾಪಾಡಿಕೊಂಡರೆ ಅದು ಮರೆ. ನಂಬಿ ಕೇಳಿದವನು ಅದರಿಂದ ದಾರಿ ತಪ್ಪಿದರೆ ಅದು ಮೋಸ. ಎಲ್ಲರಿಗೂ ಎಲ್ಲವನ್ನೂ ಹೇಳುವ ಹೊಣೆ ಯಾವ ರೋಗಿಗೂ ಇಲ್ಲ. ಆದರೆ ಅಪಾಯ ಕಳೆದು ಸುರಕ್ಷಿತರಾದವರಿಗೆ, ಇನ್ನೂ ಅಪಾಯದಲ್ಲಿರುವವರಿಗಿಂತ ಮೊದಲು ಬಾಯಿ ತೆರೆಯುವ ಹೊಣೆಯಿದೆ. ನಾನು ಅದನ್ನು ಆರು ವರ್ಷ ತಡಮಾಡಿದೆ.

ಕೇಳುವವರ ಹೊಣೆಯ ಬಗೆಗೂ ಒಂದು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ನಾವು ಊರಿಗೆ ಬಂದಾಗ ಆ ಹನಿಗಳನ್ನು ತರುವುದಿಲ್ಲ. ೧೯೮೫ರ ಕಾಯಿದೆಯಂತೆ ಭಾರತದಲ್ಲಿ ಅದು ಅಪರಾಧ. ಆ ವಾರಗಳಲ್ಲಿ ನಾನು ನಿದ್ರೆಗೆಟ್ಟಿರುವುದನ್ನು ನೋಡಿ ಬಂಧುಗಳು ಪ್ರಯಾಣದ ಆಯಾಸವೆನ್ನುತ್ತಾರೆ, ನಾನೂ ಹೂಂಗುಟ್ಟುತ್ತಿದ್ದೆ. ಗಾಂಜಾ ಮಾತ್ರವಲ್ಲ, ಮನೋರೋಗದ ಮಾತ್ರೆ, ಮಕ್ಕಳಾಗದವರ ಚಿಕಿತ್ಸೆ, ಮೂರ್ಛೆರೋಗದ ಔಷಧಿ ಹೀಗೆ ನಮ್ಮ ಮನೆಗಳಲ್ಲಿ ಬಚ್ಚಿಟ್ಟ ಡಬ್ಬಿಗಳು ಎಷ್ಟಿವೆಯೋ! ನಿಜ ಹೇಳಿದವನಿಗೆ ದಂಡ ಹಾಕುವ ಮನೆಯಲ್ಲಿ ಸುಳ್ಳು ಬೆಳೆಯುವುದು ಸಹಜ. ಬಸದಿಗಳ ಆಡಳಿತ ಮಂಡಳಿಗಳು ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ, ವೈದ್ಯರನ್ನು ಕರೆಸುತ್ತವೆ, ಅದು ಪುಣ್ಯಕಾರ್ಯ. ಆ ಶಿಬಿರಗಳಲ್ಲಿ ಹೆಸರು ಕೇಳದೆ ಒಬ್ಬೊಬ್ಬರಾಗಿ ವೈದ್ಯರೊಡನೆ ಮಾತಾಡಲು ಒಂದು ಪ್ರತ್ಯೇಕ ಕೋಣೆ ಕೊಟ್ಟರೆ, ಸಾಲಿನಲ್ಲಿ ನಿಂತವರ ರೋಗವನ್ನು ಪಟ್ಟಿ ಬರೆದು ಗಟ್ಟಿಯಾಗಿ ಓದದಿದ್ದರೆ, ಎಷ್ಟೋ ಜನರಿಗೆ ಉಪಕಾರವಾದೀತು.

ಈ ಲೇಖನವನ್ನು ನನ್ನ ಹೆಸರಿನಲ್ಲಿಯೇ ಪ್ರಕಟಿಸಬೇಕೆಂದು ಸಂಪಾದಕರನ್ನು ಕೇಳಲು ಹೊರಟಿದ್ದೆ. ಅಷ್ಟರಲ್ಲಿ, ನನ್ನ ಹೆಸರು ಬಿದ್ದರೆ ಬಂಧುಗಳು ಅಳಿಯನನ್ನು ಗುರುತಿಸಿಯಾರೆಂದು ಹೊಳೆಯಿತು. ನನ್ನ ಗುಟ್ಟು ನನ್ನದು, ಅವನದು ಅವನದು. ಬರೆದದ್ದನ್ನು ಅವನಿಗೆ ಕಳುಹಿಸಿದೆ. ಅವನು ಎರಡು ಕಡೆ ವಿವರಗಳನ್ನು ಹೊಡೆದುಹಾಕಿ, ಸಂಬಂಧವನ್ನು ಬದಲಿಸಿ, ಹಾಳೆಯ ಕೆಳಗೆ ಹೀಗೆ ಬರೆದು ಹಿಂದಿರುಗಿಸಿದ: “ಮಾವ, ನಿಮ್ಮ ಹೆಸರು ಹಾಕಿಕೊಳ್ಳಿ. ನನ್ನದು ಪೌರತ್ವ ಬಂದ ಮೇಲೆ ನಾನೇ ಹೇಳುತ್ತೇನೆ.”

ಅದರಂತೆಯೇ ಮಾಡಿದ್ದೇನೆ.